ನಾಡಿದ್ದು

ಈಲಿ ಪಟ್ಟಣದ ಹೊಳೆದಂಡೆಯ ಓಣಿಯಲ್ಲಿ
ಜೇಬೆಜ್ ಲಗ್‌ನ ಜೋಡು ರಿಪೇರಿ ಅಂಗಡಿ.
ಗಿಡ್ಡ ಬಾಗಿಲು. ಉದ್ದದವರು ತಲೆ ತಗ್ಗಿಸಿಯೇ ಬರಬೇಕು,
ಗಿಡ್ಡದವರೂ ತಗ್ಗಿಸುತ್ತಾರೆ, ರೂಢಿ.
ಮೇಣದ ವಾಸನೆ, ತೊಗಲಿನದು, ಒದ್ದೆ ನಾಯಿಯದು.
ಬಾಯಲ್ಲಿ ಆರೇಳು ಮೊಳೆ ಕಚ್ಚಿಕೊಂಡೇ ಅವನ ಮಾತು;
ಅದಕ್ಕೇ ಮಾತು ಕಮ್ಮಿ.
ಹಿಮ್ಮಡಿ ಕಳಚಿರಲಿ, ಅಟ್ಟೆ ಬಾಯ್ಬಿಟ್ಟಿರಲಿ,
ಯಾರು ಏನು ತಂದರೂ ಒಂದೇ ಉತ್ತರ:
‘ನಾಳೆಯ ನಂತರದ ದಿನ.’

ಪಾಪ, ಅವನ ನುಡಿಯಲ್ಲಿ
ನಾಡಿದ್ದು ಎಂಬ ನಾಡಿದ್ದಿಗೆ ಒಂಟಿ ಪದವಿಲ್ಲ.
ಹಿಂದೆ ಒಂದಿತ್ತಂತೆ, ಸತ್ತುಹೋಯಿತು.
ಜೋಡು ಸಾಯುವುದು ನಡೆದೂ ನಡೆದು,
ಪದ ಸಾಯುವುದು ನಡೆಯದೆ.
ಈಗ ನಾಲ್ಕು ಪದಗಳ ಕೊಂಕಣ ಸುತ್ತಿ
ಮೈಲಾರಕ್ಕೆ ಬರಬೇಕು ಅವರು.

ಐವತ್ತೇಳರ ಚಳಿಗಾಲ.
ಬಂದವಳು ಮಿಸ್ ಎನಿಡ್ ಥ್ರಪ್,
ನಲವತ್ತು ವರ್ಷ ಹುಡುಗಿಯರಿಗೆ ಲ್ಯಾಟಿನ್ ಉಣಿಸಿ
ನಿವೃತ್ತಳಾದವಳು. ಕಂದು ಜೋಡು, ಬಲದ ಹಿಮ್ಮಡಿ.
ಆ ಋತುವಿನಲ್ಲೇ ನಾಲ್ಕನೆಯ ಸಲ.

‘ಲಗ್, ನೀನು ಮಾಡುತ್ತಿರುವುದೇನು ಗೊತ್ತೆ?’
‘ಮೊಳೆ ಹೊಡೀತಿದ್ದೀನಿ, ಮಿಸ್.’
‘ಅಲ್ಲ. ಪೆರೆಂಡಿನೇಟ್ ಮಾಡುತ್ತಿದ್ದೀಯ.’

ಅವನು ಮೊಳೆಗಳನ್ನು ಅಂಗೈಗೆ ಉಗಿದ.
ಇದು ದೂರೋ, ರೋಗವೋ?

ಸೀಮೆಸುಣ್ಣ ಕಸಿದುಕೊಂಡು ತೊಗಲಿನ ಮೇಲೆ ಬರೆದಳು:
ಕ್ರಾಸ್ ಅಂದರೆ ನಾಳೆ.
ನಾಳೆಗೆ ತಳ್ಳುವವರು ಊರ ತುಂಬ ಇದ್ದಾರೆ,
ಅವರಿಗೊಂದು ಪದ, ಬಳಸಿ ಬಳಸಿ ನುಣುಪಾದದ್ದು.
ಪೆರೆಂದಿಯೆ, ನಾಳೆಯ ಆಚೆಯ ದಿನ.
ಅಲ್ಲಿಗೆ ತಳ್ಳುವವನು ಅಪರೂಪ, ಅವನ ಪದವೂ ಅಪರೂಪ;
ದಪ್ಪ ಕೋಶದ ಮೂಲೆಯಲ್ಲಿ ಮಲಗಿದೆ, ಯಾರೂ ಎಬ್ಬಿಸಿಲ್ಲ.
(ಬಾಲದ ಆ ‘ದಿಯೆ’ಯಲ್ಲಿ ನಮ್ಮ ‘ದಿವಸ’ದ ಮೂಗು ಕಂಡು
ದೂರದ ನೆಂಟರ ಮದುವೆಯಲ್ಲಿ ಆದಂತೆ
ನನಗೊಂದು ಕ್ಷಣ ಪೇಚಾಯಿತು.)

‘ಇನ್ನೊಂದು ಅರ್ಥವೂ ಇದೆ, ಲಗ್.
ಹಳೆಯ ಕಾಲದ ಮಠಕ್ಕೆ ಅತಿಥಿಯೊಬ್ಬ ಬಂದು,
ಇವತ್ತು ಹೊರಡದೆ, ನಾಳೆಯೂ ಹೊರಡದೆ
ಉಳಿದೇಬಿಟ್ಟರೆ, ಅದಕ್ಕೂ ಇದೇ ಕ್ರಿಯಾಪದ.’
‘ಕೊನೆಗೆ ಹೊರಟನೆ?’
‘ವ್ಯಾಕರಣ ಅದನ್ನು ಹೇಳುವುದಿಲ್ಲ.’

ಅಂದೇ ಸಂಜೆ ಅವನು ಪದವನ್ನು ಬಾಗಿಲ ಮೇಲೆ ಬರೆದ,
ದೊಡ್ಡಕ್ಷರ, ಒಂದು ಕಡೆ ವಾಲಿತ್ತು.
ಬೇಕರಿ ಹುಡುಗ ಹೊಸ ಪಾಲಿಶ್ ಅಂದುಕೊಂಡ.
ಹಾವುಮೀನಿನವನು ಅಂಗಡಿ ಯಾರಿಗೋ ಮಾರಿಹೋಯಿತು ಎಂದ.
ಪಾದ್ರಿ ಎರಡು ಸಲ ಓದಿ, ನಕ್ಕು, ಹೋದ.
ನಮ್ಮಲ್ಲಾದರೆ ಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದು
ಓದು ಬಲ್ಲ ಮಾರಿಯನ್ನು ಹಿಂದಕ್ಕಟ್ಟುತ್ತಿದ್ದರು.
ಜೇಬೆಜ್ ಅರಿಯದೆಯೇ ಅವಳಿಗೆ ಒಂದು ದಿನ ಹೆಚ್ಚು ಹೇಳಿದ್ದ.

ಯಾರಿಗೂ ತಿಳಿಯದ್ದು ಇಷ್ಟು:
ಹಿಮ್ಮಡಿ ಆ ರಾತ್ರಿಯೇ ಮುಗಿದಿತ್ತು.
ಪ್ರತಿ ಸಲವೂ ಆ ರಾತ್ರಿಯೇ.
ಕಂದು ಕಾಗದದಲ್ಲಿ ಸುತ್ತಿ, ದಾರ ಬಿಗಿದು,
ಅರೆಯ ಮೇಲೆ ಎರಡು ದಿನ ಸುಮ್ಮನೆ ಕೂರಿಸುತ್ತಿದ್ದ.
ಕೇಳಿದರೆ, ಅಂಟು ಒಣಗಬೇಕು, ಮಿಸ್.
ಆ ಹಿಮ್ಮಡಿಗೆ ಅಂಟು ಹಾಕಿರಲಿಲ್ಲ.

ನಾಡಿದ್ದು ಬಂತು. ಅವಳು ಬರಲಿಲ್ಲ.
ಬಯಲಿನಿಂದೆದ್ದ ಮಂಜು ಹೊಳೆಯನ್ನು ನುಂಗಿ
ಇಗರ್ಜಿಯ ಗೋಪುರಕ್ಕೆ ಬಾಯಿ ಹಾಕಿತ್ತು.
ಓಣಿಯಲ್ಲಿ ಮನೆಗೊಬ್ಬರು ಫ್ಲೂ.
ಮತ್ತೊಂದು ದಿನ ನೋಡಿ
ಕಟ್ಟನ್ನು ಕಂಕುಳಲ್ಲಿಟ್ಟು ಹೊರಟ,
ಮೂವತ್ತು ವರ್ಷದಲ್ಲಿ ಮೊದಲ ಬಾರಿ
ಜೋಡನ್ನು ಕಾಲಿನ ಬಳಿಗೇ ಒಯ್ದ.

ಬಹಳ ಹೊತ್ತಿನ ಮೇಲೆ ಮಾಡಿನ ಕಿಟಕಿ ತೆರೆಯಿತು.
ಶಾಲು, ಕೆದರಿದ ಬಿಳಿಗೂದಲು, ಕೆಮ್ಮು.
‘ಇವತ್ತಲ್ಲ, ಲಗ್,’ ಎಂದಳು,
‘ಪೆರೆಂದಿಯೆ.’
ಕಿಟಕಿ ಮುಚ್ಚಿತು.

ಅವನು ಮೆಟ್ಟಿಲ ಮೇಲೆಯೇ ನಿಂತು
ಬೆರಳು ಮಡಿಸಿದ. ಅಂದು ಬುಧವಾರ.
ಕಟ್ಟಿನ ದಾರ ಸಡಿಲಾಗಿತ್ತು,
ಹಲ್ಲಿನಿಂದ ಬಿಗಿದ. ಬಾಯಲ್ಲಿ
ಒಂದು ಮೊಳೆ ಉಳಿದೇ ಇತ್ತು.